ಕರಿನೀರಿನ ಶಿಕ್ಷೆಗೆ ಹೋದವರಿಗೆ ಅಲ್ಲಿ ಮನೆ, ಸಂಸಾರ ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ಅಂಡಮಾನ್ ಅಂದರೆ ಸೆಲ್ಯುಲರ್ ಜೈಲು, ಗಾಣ, ಬೇಡಿ ಅಂತಲೇ ಓದಿದ್ದೇವೆ. ಆದರೆ ಆ ಕೈದಿಗಳ ವಂಶದವರು ಈಗಲೂ ಅಲ್ಲಿದ್ದಾರಂತೆ. ಜೈಲಿನಲ್ಲಿದ್ದವರು ಸಂಸಾರ ಹೂಡಿದ್ದು ಹೇಗೆ?

ಉತ್ತರ: ಗೊಂದಲ ಶುರುವಾಗುವುದೇ ಆ ಜೈಲಿನಿಂದ. ಸೆಲ್ಯುಲರ್ ಜೈಲು ಕಟ್ಟಿ ಮುಗಿದದ್ದು 1906ರಲ್ಲಿ. ಮೊದಲ 200 ಕೈದಿಗಳು ಪೋರ್ಟ್ ಬ್ಲೇರ್‌ಗೆ ಬಂದಿಳಿದದ್ದು 1858ರ ಮಾರ್ಚ್ 10ರಂದು. ಹೆಚ್ಚುಕಡಿಮೆ ಅರ್ಧ ಶತಮಾನ ಆ ಜೈಲೇ ಇರಲಿಲ್ಲ. ಅದು ಬಂದ ಮೇಲೂ ಹೆಚ್ಚಿನ ಕೈದಿಗಳು ಇದ್ದದ್ದು ಹೊರಗೆ, ಬ್ಯಾರಕ್ಕುಗಳಲ್ಲಿ ಮತ್ತು ಹಳ್ಳಿಗಳಲ್ಲಿ.

ಮೊದಲು ಬಂದವರು 1857ರ ದಂಗೆಯಲ್ಲಿ ಸಿಕ್ಕಿಬಿದ್ದವರು. ಅವರ ಪಾಲಿಗೆ ಬಂದದ್ದು ಕಾಡು ಕಡಿಯುವ ಕೆಲಸ. ಮಳೆ, ಜಿಗಣೆ, ಜ್ವರ. ಕಾಡಿನೊಳಗೆ ನಡೆದರೆ ಬರ್ಮಾ ಸಿಗುತ್ತದೆ ಅಂತ ನಂಬಿ ತುಂಬ ಜನ ಓಡಿಹೋದರು. ಸಿಕ್ಕವರಲ್ಲಿ 80ಕ್ಕೂ ಹೆಚ್ಚು ಜನರನ್ನು ಮೇಲಧಿಕಾರಿ ವಾಕರ್ ಗಲ್ಲಿಗೇರಿಸಿದ. ಹಾಗೆ ಓಡಿದವರಲ್ಲಿ ದೂಧನಾಥ ತಿವಾರಿ ಒಬ್ಬ. ಅವನು ಕಾಡಿನ ಮೂಲನಿವಾಸಿಗಳ ಜೊತೆ ಸುಮಾರು ಒಂದು ವರ್ಷ ಬದುಕಿದ, ಅಲ್ಲೇ ಮದುವೆಯನ್ನೂ ಆದ. 1859ರಲ್ಲಿ ಅವರು ದಾಳಿಗೆ ಹೊರಟಾಗ ಮೊದಲೇ ಬಂದು ಬ್ರಿಟಿಷರಿಗೆ ಸುಳಿವು ಕೊಟ್ಟ. ಅವನಿಗೆ ಮಾಫಿ ಸಿಕ್ಕಿತು. ತನ್ನನ್ನು ಉಳಿಸಿಕೊಂಡವರನ್ನೇ ಹಿಡಿದುಕೊಟ್ಟ ಈ ಕಥೆ ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಪ್ರತಿ ಕೈದಿಯ ಕುತ್ತಿಗೆಯಲ್ಲಿ ಒಂದು ಮರದ ಬಿಲ್ಲೆ ತೂಗುತ್ತಿತ್ತು. ಅದಕ್ಕೆ ಟಿಕೆಟ್ ಅನ್ನುತ್ತಿದ್ದರು. ಕೈದಿಯ ನಂಬರು, ಯಾವ ಕಲಮಿನಡಿ ಶಿಕ್ಷೆ, ಶಿಕ್ಷೆಯಾದ ತಾರೀಖು, ಬಿಡುಗಡೆಯ ತಾರೀಖು ಎಲ್ಲ ಅದರ ಮೇಲೇ ಇರುತ್ತಿತ್ತು. ಆದರೆ ಎಲ್ಲರೂ ಕಾಯುತ್ತಿದ್ದದ್ದು ಇನ್ನೊಂದು ಟಿಕೆಟ್ಟಿಗೆ. 1900ರ ಸುಮಾರಿನ ನಿಯಮ ಹೀಗಿತ್ತು: ಮೊದಲ ಆರು ತಿಂಗಳು ಒಂಟಿ ಕೋಣೆ, ಆಮೇಲೆ ಒಂದೂವರೆ ವರ್ಷ ಬೇರೆಯವರ ಜೊತೆ ಜೈಲು, ಮೂರು ವರ್ಷ ಬ್ಯಾರಕ್ಕಿನಲ್ಲಿದ್ದು ಕಠಿಣ ದುಡಿಮೆ, ಮತ್ತೆ ಐದು ವರ್ಷ ಸ್ವಲ್ಪ ಹಗುರದ ಕೆಲಸ. ನಡತೆ ಚೆನ್ನಾಗಿದ್ದರೆ ಹತ್ತು ವರ್ಷಕ್ಕೆ ಆ ಟಿಕೆಟ್ ಕೈಗೆ ಬರುತ್ತಿತ್ತು. ಅಲ್ಲಿಂದ ಅವನು ತನ್ನ ಅನ್ನ ತಾನೇ ದುಡಿದುಕೊಳ್ಳುವ ಕೈದಿ. ಹಳ್ಳಿಯಲ್ಲಿ ಇರಬಹುದು, ಹೊಲ ಮಾಡಬಹುದು, ದನ ಸಾಕಬಹುದು. ಮೊದಲ ಮೂರು ವರ್ಷ ಕಂದಾಯವಿಲ್ಲ. ಊರಿನಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು. ಅಪ್ಪಣೆ ಇಲ್ಲದೆ ದ್ವೀಪ ಬಿಡುವ ಹಾಗೆ ಮಾತ್ರ ಇರಲಿಲ್ಲ. ಪೂರ್ತಿ ಬಿಡುಗಡೆಗೆ 20-25 ವರ್ಷ ಕಾಯಬೇಕಿತ್ತು.

ಊರಿನಿಂದ ಯಾರೂ ಬರದಿದ್ದರೆ? ಹೆಂಗಸರ ಜೈಲಿಗೆ ಹೋಗಿ ಹೆಣ್ಣು ನೋಡಬೇಕಿತ್ತು. ಹೆಂಗಸರು ಸಾಲಾಗಿ ನಿಲ್ಲುತ್ತಿದ್ದರು, ಇಬ್ಬರೂ ಒಪ್ಪಿದರೆ ಅಧಿಕಾರಿಗಳು ಮದುವೆಗೆ ಅಪ್ಪಣೆ ಕೊಡುತ್ತಿದ್ದರು. ಅವರಲ್ಲೂ ಎಷ್ಟೋ ಜನ ಕೊಲೆಯ ಶಿಕ್ಷೆ ಹೊತ್ತು ಬಂದವರೇ. ಹತ್ತು ಗಂಡಸರಿಗೆ ಒಬ್ಬ ಹೆಂಗಸೂ ಇರಲಿಲ್ಲ. ಹಾಗಾಗಿ ಈ ದಾರಿಯಲ್ಲಿ ಸಂಸಾರ ಸಿಕ್ಕಿದ್ದು ಕೆಲವರಿಗಷ್ಟೇ. ಹೀಗೆ ಕೂಡಿದ ಮನೆಗಳಲ್ಲಿ ಗಂಡ ಪಂಜಾಬಿನವನು, ಹೆಂಡತಿ ಬಂಗಾಳದವಳು ಆಗಬಹುದಿತ್ತು. ಇಬ್ಬರ ನಡುವೆ ಮಾತು ನಡೆಯಬೇಕಲ್ವಾ? ಹಿಂದೂಸ್ತಾನಿಯೇ ಮನೆಮಾತಾಯಿತು. ಹುಟ್ಟಿದ ಮಕ್ಕಳನ್ನು ‘ಲೋಕಲ್ ಬಾರ್ನ್’ ಅಂತ ಕರೆದರು. ಆ ಮಕ್ಕಳ ಕಾಲಕ್ಕೆ ಊರಿನ ಕಡೆಯ ಜಾತಿಯ ಕಟ್ಟುಗಳೂ ಸಡಿಲವಾದವು.

ಈ ಹೊಲಗಳೆಲ್ಲ ಬೇರೆಯವರ ಕಾಡು ಕಡಿದು ಮಾಡಿದ್ದು ಅನ್ನುವುದನ್ನು ಬಿಟ್ಟು ಇದನ್ನು ಹೇಳಬಾರದು. ಹೊರಗಿನಿಂದ ಬಂದ ರೋಗಗಳು ಅಲ್ಲಿನ ಮೂಲನಿವಾಸಿಗಳಾದ ಗ್ರೇಟ್ ಅಂಡಮಾನೀಸ್ ಜನರನ್ನು ಬಲಿ ತೆಗೆದುಕೊಂಡವು. 1877ರ ದಡಾರಕ್ಕೇ ಎಷ್ಟೋ ಜನ ಸತ್ತರು. ಇವತ್ತು ಅವರು ಉಳಿದಿರುವುದು ಸುಮಾರು 50 ಜನ.

1921ರ ಮಲಬಾರ್ ದಂಗೆಯ ನಂತರ ಮಾಪಿಳ್ಳೆ (ಮಲಬಾರಿನ ಮುಸ್ಲಿಂ) ಕೈದಿಗಳು ಬಂದರು. ಆ ದಂಗೆಯ ಕೈದಿಗಳನ್ನು ನಮ್ಮ ಬಳ್ಳಾರಿ ಜೈಲಿನಲ್ಲೂ ಇಟ್ಟಿದ್ದರು. ಅಂಡಮಾನಿಗೆ ಹೋದವರ ಕುಟುಂಬಗಳನ್ನು ಸರ್ಕಾರವೇ ಕರೆಸಿತು. ಅವರು ಹೊಸ ಹಳ್ಳಿಗಳಿಗೆ ಬಿಟ್ಟುಬಂದ ಊರುಗಳ ಹೆಸರನ್ನೇ ಇಟ್ಟರು: ಕ್ಯಾಲಿಕಟ್, ಮಂಜೇರಿ, ತಿರೂರು. ಈಗ ಪ್ರವಾಸಕ್ಕೆ ಹೋದವರು ಪೋರ್ಟ್ ಬ್ಲೇರ್‌ನಿಂದ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ವಂಡೂರು ಬೀಚ್ ನೋಡಲು ಹೋಗುತ್ತಾರಲ್ಲ, ಆ ಹೆಸರಿನ ಹಳೆಯ ಊರು ಇರುವುದು ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ.