ತಮ್ಮನ ಹಡಗು ಮಂಗಳೂರಿಗೆ ಬರುತ್ತಿದೆ, ಮನೆಯವರು ಹತ್ತಿ ನೋಡಬಹುದಾ?

ಪ್ರಶ್ನೆ: ನನ್ನ ತಮ್ಮ ಕ್ರೂಸ್ ಹಡಗಿನಲ್ಲಿ ಕ್ಯಾಬಿನ್ ಸ್ಟೀವರ್ಡ್. ಮನೆಗೆ ಬಂದು ಹೋಗಿ ಏಳು ತಿಂಗಳಾಯಿತು. ಮುಂದಿನ ತಿಂಗಳು ಅವನ ಹಡಗು ಒಂದು ದಿನದ ಮಟ್ಟಿಗೆ ಪಣಂಬೂರಿಗೆ ಬರುತ್ತದಂತೆ. ಅಪ್ಪ, ಅಮ್ಮ, ಅವನ ಹೆಂಡತಿ ಮತ್ತು ನಾನು ಒಳಗೆ ಹೋಗಿ ನೋಡಬಹುದಾ? ಬಂದರಿನ ಗೇಟಿನಲ್ಲಿ ಕೇಳಿದರೆ ಪಾಸ್ ಕೊಡುತ್ತಾರಾ?

ಉತ್ತರ: ಹತ್ತಿ ನೋಡುವ ಅವಕಾಶ ಇದೆ. ಆದರೆ ಅವತ್ತೇ ಹೋಗಿ ಗೇಟಿನಲ್ಲಿ ಕೇಳಿದರೆ ಏನೂ ಆಗುವುದಿಲ್ಲ. ಕೇಳಬೇಕಾದವನು ನಿಮ್ಮ ತಮ್ಮ. ಅವನು ಕೇಳಬೇಕಾದದ್ದು ಹಡಗಿನೊಳಗೆ, ಅದೂ ಈಗಲೇ. ನಾನೂ ಕೆಲವು ವರ್ಷ ಶಿಪ್ಪಿನಲ್ಲಿ ದುಡಿದವನು. ಗೇಟಿನ ಹೊರಗೆ ಬುತ್ತಿ ಹಿಡಿದು ನಿಂತು ವಾಪಸ್ ಹೋದ ಅಮ್ಮಂದಿರನ್ನು ನೋಡಿದ್ದೇನೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಿಂದಿನ ಕಾಲದಲ್ಲಿ ಇಷ್ಟು ಬಿಗಿ ಇರಲಿಲ್ಲ. ಪ್ರಯಾಣಿಕರನ್ನು ಕಳಿಸಿಕೊಡಲು ಬಂದ ನೆಂಟರೂ ಹಡಗು ಹತ್ತಿ, ಸುತ್ತಾಡಿ, ಹೊರಡುವ ಹೊತ್ತಿಗೆ ಜಾಗಟೆ ಬಾರಿಸಿದಾಗ ಇಳಿಯುತ್ತಿದ್ದರು. 2001ರ ಸೆಪ್ಟೆಂಬರ್ ದಾಳಿಯ ನಂತರ ಅದೆಲ್ಲ ಮುಗಿಯಿತು. ಐಎಸ್‌ಪಿಎಸ್ ಎಂಬ ಅಂತರರಾಷ್ಟ್ರೀಯ ಭದ್ರತಾ ನಿಯಮ 2004ರ ಜುಲೈ 1ರಿಂದ ಜಾರಿಗೆ ಬಂತು. ಆಮೇಲೆ ಹಡಗಿಗೊಬ್ಬ ಸೆಕ್ಯುರಿಟಿ ಆಫೀಸರ್, ಬಂದರಿಗೊಬ್ಬ ಸೆಕ್ಯುರಿಟಿ ಆಫೀಸರ್. ಅಂದರೆ ನಿಮ್ಮ ಮುಂದೆ ಎರಡು ಬೀಗ ಇವೆ. ಹಡಗಿನವರು ಸರಿ ಅಂದರೂ ಬಂದರಿನ ಪಾಸ್ ಇಲ್ಲದೆ ಗೇಟು ದಾಟಲು ಆಗುವುದಿಲ್ಲ. ಪಾಸ್ ಇದ್ದರೂ ಹಡಗಿನ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಏಣಿಯ ಬುಡದಿಂದಲೇ ವಾಪಸ್.

ಹಡಗಿನ ಕೆಲಸಗಾರರಿಗಾಗಿ ಎಂಎಲ್‌ಸಿ ಎಂಬ 2006ರ ಒಪ್ಪಂದವೂ ಇದೆ. ಬಂದರಿನಲ್ಲಿದ್ದಾಗ ಅವರ ಮನೆಯವರಿಗೆ, ಸ್ನೇಹಿತರಿಗೆ ಹಡಗಿಗೆ ಬರಲು ಬೇಗ ಅನುಮತಿ ಸಿಗುವಂತೆ ನೋಡಿಕೊಳ್ಳಿ ಎಂದು ಅದರ ಮಾರ್ಗಸೂಚಿ ಹೇಳುತ್ತದೆ. ಆದರೆ ಅದು ಸಲಹೆ ಅಷ್ಟೇ. ಕೊಡಲೇಬೇಕು ಅಂತೇನಿಲ್ಲ. ಒಂದು ಕಂಪನಿ ಕೊಡುತ್ತದೆ, ಇನ್ನೊಂದು ಕೊಡುವುದಿಲ್ಲ. ಅದೇ ಕಂಪನಿಯ ಎರಡು ಹಡಗುಗಳಲ್ಲೂ ಬೇರೆ ಬೇರೆ ಪದ್ಧತಿ ಇರಬಹುದು.

ನಿಮ್ಮ ತಮ್ಮ ಮೊದಲು ತನ್ನ ಸೂಪರ್‌ವೈಸರ್ ಹತ್ತಿರ, ಆಮೇಲೆ ಕ್ರೂ ಆಫೀಸಿನಲ್ಲಿ ವಿಸಿಟರ್ ಫಾರ್ಮ್ ಕೇಳಲಿ. ಅದರಲ್ಲಿ ಬರುವವರ ಹೆಸರು, ಹುಟ್ಟಿದ ದಿನಾಂಕ, ಗುರುತಿನ ಚೀಟಿಯ ನಂಬರ್, ಸಂಬಂಧ ತುಂಬಬೇಕು. ನಮ್ಮವರು ಎಡವುವುದು ಇಲ್ಲೇ. ಆಧಾರ್‌ನಲ್ಲಿ ಬರೀ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಪೂರ್ತಿ ಇರುತ್ತದೆ. ಪಟ್ಟಿಯಲ್ಲಿ ಒಂದು, ಕೈಯಲ್ಲಿ ಇನ್ನೊಂದು ಆದರೆ ಗೇಟು ಕಾಯುವ ಸಿಐಎಸ್‌ಎಫ್‌ನವರು ಬಿಡುವುದಿಲ್ಲ. ಅವರನ್ನು ಬೈದೂ ಪ್ರಯೋಜನ ಇಲ್ಲ. ಹಾಗಾಗಿ ಯಾವ ಚೀಟಿ ತರುತ್ತೀರೋ ಅದರ ಫೋಟೋ ತೆಗೆದು ತಮ್ಮನಿಗೆ ಕಳಿಸಿ, ಅದರಲ್ಲಿ ಇದ್ದ ಹಾಗೇ ಬರೆಯಲಿ. ಅವತ್ತು ಅದರ ಒರಿಜಿನಲ್ ಕೈಯಲ್ಲಿರಲಿ.

ಹಡಗಿನವರು ಒಪ್ಪಿದ ಮೇಲೆ ಪಟ್ಟಿ ಇಲ್ಲಿನ ಶಿಪ್ಪಿಂಗ್ ಏಜೆಂಟ್‌ಗೆ ಬರಬೇಕು. ಬಂದರಿನ ಪಾಸ್ ವಿಷಯಕ್ಕೆ ಓಡಾಡುವವರು ಅವರೇ. ಆ ಏಜೆಂಟ್ ಯಾರು ಅಂತ ತಮ್ಮನಿಂದ ತಿಳಿದುಕೊಳ್ಳಿ. ಕಾರಿನಲ್ಲಿ ಹೋಗುವುದಾದರೆ ಕಾರಿಗೂ ಪಾಸ್ ಬೇಕಾ ಅಂತ ಅವರನ್ನೇ ಕೇಳಿ. ಒಳಗೆ ಲಾರಿಗಳ ಓಡಾಟ ಜಾಸ್ತಿ, ವಯಸ್ಸಾದವರನ್ನು ನಡೆಸಿಕೊಂಡು ಹೋಗುವ ಜಾಗ ಅಲ್ಲ.

ಇನ್ನೊಂದು ಮಾತು ತಮ್ಮನನ್ನು ಕೇಳಲೇಬೇಕು: ಅವತ್ತು ಅವನಿಗೆ ಐಪಿಎಂ ಇದೆಯಾ? ಬಂದರಿನಲ್ಲಿ ನಿಂತಾಗಲೂ ಬೆಂಕಿ ಗಿಂಕಿ ಬಿದ್ದರೆ ಬೇಕು ಅಂತ ಸಿಬ್ಬಂದಿಯಲ್ಲಿ ಒಂದು ಪಾಲು ಹಡಗಿನಲ್ಲೇ ಉಳಿಯಬೇಕು. ಅದಕ್ಕೆ ಐಪಿಎಂ ಅನ್ನುತ್ತಾರೆ. ಐಪಿಎಂ ಬಿದ್ದರೆ ಅವನು ಕೆಳಗಿಳಿಯುವ ಹಾಗಿಲ್ಲ. ನಿಮಗೂ ಹತ್ತಲು ಅನುಮತಿ ಸಿಗದಿದ್ದರೆ ಒಂದೇ ಊರಿನಲ್ಲಿದ್ದೂ ಮುಖ ನೋಡಲಾಗುವುದಿಲ್ಲ. ಜೊತೆಯವರ ಹತ್ತಿರ ದಿನ ಬದಲಾಯಿಸಿಕೊಳ್ಳಬಹುದು, ಆದರೆ ಮೊದಲೇ ಹೇಳಿಡಬೇಕು. ಊರಿನ ಬಂದರು ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ನಾಳೆ ಅವರ ಊರೂ ಬರುತ್ತದಲ್ವಾ.

ಇನ್ನು ತಿಂಡಿಯ ವಿಷಯ. ಅಮ್ಮ ಖಂಡಿತ ಏನಾದರೂ ಮಾಡಿ ತರುತ್ತಾರೆ. ಮನೆಯ ಅಡುಗೆಯನ್ನು ಸಾಮಾನ್ಯವಾಗಿ ಹಡಗಿನೊಳಗೆ ಬಿಡುವುದಿಲ್ಲ. ಒಬ್ಬರಿಗೆ ಹೊಟ್ಟೆ ಕೆಟ್ಟರೆ ಇಡೀ ಹಡಗಿಗೆ ಹಬ್ಬುತ್ತದೆ ಅನ್ನುವ ಹೆದರಿಕೆ. ನನ್ನ ಅಮ್ಮ ಟಿಫಿನ್ ಕ್ಯಾರಿಯರ್ ತುಂಬ ಪತ್ರೊಡೆ ತಂದಿದ್ದರು. ಏಣಿಯ ಬುಡದಲ್ಲಿದ್ದ ನೇಪಾಳಿ ಗಾರ್ಡ್ ಮುಚ್ಚಳ ತೆಗೆಸಿ ನೋಡಿದ, ಮೂಸಿದ, ‘ಅಮ್ಮಾ, ಮೇಲೆ ಬಿಡಲ್ಲ, ಇಲ್ಲೇ ತಿನ್ನಿಸಿ’ ಅಂದ. ಯೂನಿಫಾರ್ಮಿನಲ್ಲಿ, ಬಿಸಿಲಲ್ಲಿ, ನಿಂತುಕೊಂಡೇ ಆರು ತುಂಡು ತಿಂದೆ. ಏಳನೆಯದು ಗಾರ್ಡ್‌ಗೆ ಹೋಯಿತು.

ಒಳಗೆ ಹೋದವರ ಚೀಟಿ ಇಟ್ಟುಕೊಂಡು ವಿಸಿಟರ್ ಬ್ಯಾಡ್ಜ್ ಕೊಡುತ್ತಾರೆ. ಬ್ಯಾಗು ಎಕ್ಸ್‌ರೇಗೆ ಹೋಗುತ್ತದೆ. ಇಳಿಯುವವರೆಗೂ ತಮ್ಮ ನಿಮ್ಮ ಜೊತೆಗೇ ಇರಬೇಕು. ಅಮ್ಮನಿಗೆ ಒಂದು ವಿಷಯ ಮೊದಲೇ ಹೇಳಿಡಿ. ಮೇಲಿನ ಝಗಮಗ ನೋಡಿ ಖುಷಿಪಟ್ಟವರು ಮಗ ಮಲಗುವ ಜಾಗ ಕೇಳುತ್ತಾರೆ. ಬಿಟ್ಟರೆ, ಕೆಳಗಿನ ಡೆಕ್ಕಿನಲ್ಲಿ ಒಂದರ ಮೇಲೊಂದು ಎರಡು ಮಂಚ ಇರುವ, ಕಿಟಕಿ ಇಲ್ಲದ ಪುಟ್ಟ ಕೋಣೆ ಕಾಣಬಹುದು. ನನ್ನ ಅಮ್ಮ ಹೊರಗೆ ಬಂದು ತುಂಬ ಹೊತ್ತು ಮಾತಾಡಲಿಲ್ಲ.

ನೆಂಟರು ಹಡಗಿನ ಪ್ರಯಾಣಿಕರಾಗಿದ್ದರೆ? ಅವರು ಕಂಪನಿಗೆ ಮೊದಲೇ ಬರೆದು ಕೇಳಬೇಕು. ಹೊಸ ಪ್ರಯಾಣಿಕರು ಹತ್ತುವ ದಿನವಂತೂ ಆಸೆ ಬಿಡಿ.

ಎಲ್ಲ ಸರಿಯಾಗಿದ್ದರೂ ಕೊನೆಗಳಿಗೆಯಲ್ಲಿ ಅನುಮತಿ ರದ್ದಾಗಬಹುದು. ಭದ್ರತಾ ಮಟ್ಟ ಏರಿದರೂ ಸಾಕು, ಹಡಗಿನಲ್ಲಿ ವಾಂತಿ ಭೇದಿ ಶುರುವಾದರೂ ಸಾಕು. ಆದ್ದರಿಂದ ಹೊರಗೆ ಸಿಗುವ ಜಾಗವನ್ನೂ ಗೊತ್ತು ಮಾಡಿಡಿ. ಪಣಂಬೂರು ಬೀಚ್ ಹತ್ತಿರವೇ ಇದೆ. ಅಮ್ಮನ ತಿಂಡಿಗೂ ಅದೇ ಒಳ್ಳೆಯ ಜಾಗ. ತಮ್ಮನ ಫೋನು ಇಲ್ಲಿ ಸಿಗ್ನಲ್ ಹಿಡಿಯದಿರಬಹುದು, ಹಾಗಾಗಿ ಜಾಗ, ಹೊತ್ತು ಎರಡೂ ಮೊದಲೇ ತೀರ್ಮಾನವಾಗಲಿ.

ಹೊತ್ತಿನ ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಒಮ್ಮೆ ನಮ್ಮ ಹಡಗು ದುಬೈ ಕಡೆಯಿಂದ ಬಂದಿತ್ತು, ಒಳಗಿನ ಗಡಿಯಾರ ಇನ್ನೂ ಅಲ್ಲಿನ ಸಮಯದಲ್ಲೇ ಇತ್ತು. ನಾನು ಅಪ್ಪನಿಗೆ ಹತ್ತು ಗಂಟೆಗೆ ಬನ್ನಿ ಅಂದಿದ್ದೆ. ಹಡಗಿನಲ್ಲಿ ಹತ್ತಾದಾಗ ಊರಿನಲ್ಲಿ ಹನ್ನೊಂದೂವರೆ. ಅಪ್ಪ ಒಂದೂವರೆ ಗಂಟೆ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದರು. ನಿಮ್ಮ ತಮ್ಮ ಹೊತ್ತು ಹೇಳಿದಾಗ, ಅದು ಹಡಗಿನ ಗಡಿಯಾರದ್ದಾ ನಮ್ಮ ಮನೆಯ ಗಡಿಯಾರದ್ದಾ ಅಂತ ಕೇಳಿ.