ನೀವೂ ಪ್ರೂಫ್ ನೋಡಿದ್ದೀರಿ, ಗೊತ್ತಾ?

ಹದಿನೈದು ವರ್ಷದ ಹಿಂದೆ ಎಲ್ಲಿಯೋ ಅಕೌಂಟ್ ತೆರೆಯಲು ಹೋದರೆ ಸೊಟ್ಟಸೊಟ್ಟಗಿನ ಎರಡು ಇಂಗ್ಲಿಷ್ ಪದ ತೋರಿಸಿ, ಟೈಪ್ ಮಾಡಿ, ಮನುಷ್ಯರೇ ಅಂತ ನಂಬುತ್ತೇವೆ ಎನ್ನುತ್ತಿತ್ತಲ್ಲ, ನೆನಪಿದೆಯಾ? ಅವತ್ತು ಬೈದುಕೊಂಡು ಟೈಪ್ ಮಾಡಿದ ಎರಡರಲ್ಲಿ ಒಂದು ಪದ ನೂರು ವರ್ಷ ಹಳೆಯ ಪತ್ರಿಕೆಯದ್ದಾಗಿರಬಹುದು. ನೀವು ಅದರ ಪ್ರೂಫ್ ನೋಡಿಕೊಟ್ಟಿದ್ದೀರಿ, ಅಂದರೆ ಅಕ್ಷರ ಸರಿಯಿದೆಯಾ ಅಂತ ನೋಡಿ ತಿದ್ದಿಕೊಟ್ಟಿದ್ದೀರಿ. ಅದೂ ಬಿಟ್ಟಿ!

ಇದರ ಹೆಸರು ರೀಕ್ಯಾಪ್ಚಾ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ವಾನ್ ಆನ್ ಮತ್ತು ಅವರ ತಂಡ 2007ರಲ್ಲಿ ಶುರು ಮಾಡಿದ್ದು. ಹಳೆಯ ಪತ್ರಿಕೆ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಓದಿಸಿದರೆ, ಮಸುಕಾದ ಪದಗಳಲ್ಲಿ ಅದು ಎಡವುತ್ತದೆ. ಅಂಥ ಒಂದು ಪದದ ಜೊತೆಗೆ ಉತ್ತರ ಗೊತ್ತಿರುವ ಇನ್ನೊಂದನ್ನು ಇಡುತ್ತಿದ್ದರು. ಯಾವುದು ಯಾವುದೆಂದು ನಮಗೆ ಹೇಳುತ್ತಿರಲಿಲ್ಲ. ಗೊತ್ತಿರುವುದನ್ನು ಸರಿಯಾಗಿ ಓದಿದವರು ಇನ್ನೊಂದನ್ನೂ ಸರಿ ಓದಿರುತ್ತಾರೆ ಅನ್ನುವುದು ಲೆಕ್ಕ. ಹಲವರ ಉತ್ತರ ತಾಳೆಯಾದರೆ ಆ ಪದ ಪಾಸ್. ನ್ಯೂಯಾರ್ಕ್ ಟೈಮ್ಸ್‌ನ ಹಳೆಯ ಲೇಖನಗಳಲ್ಲಿ ಪರೀಕ್ಷಿಸಿದಾಗ ಕಂಪ್ಯೂಟರ್ ಒಂದೇ ಓದಿದರೆ ಶೇ. 83.5 ಪದ ಸರಿ, ಹೀಗೆ ಜನರಿಂದ ಓದಿಸಿದರೆ ಶೇ. 99.1. ದುಡ್ಡು ಕೊಟ್ಟು ಮಾಡಿಸಿದರೂ ಹೆಚ್ಚುಕಮ್ಮಿ ಅಷ್ಟೇ ಬರುವುದು. 2009ರಲ್ಲಿ ಗೂಗಲ್ ಇದನ್ನು ಕೊಂಡುಕೊಂಡಿತು.

ಐಡಿಯಾ ಜಾಣತನದ್ದೇ, ಒಪ್ಪಿದೆ. ಆದರೆ ಕೆಲಸ ಮಾಡಿದವರಲ್ಲಿ ಜಾಸ್ತಿ ಜನಕ್ಕೆ ತಾವು ಕೆಲಸ ಮಾಡಿದ್ದೇ ಗೊತ್ತಿರಲಿಲ್ಲ, ಯಾವ ಲೇಖನ, ಯಾರು ಬರೆದದ್ದು, ಏನೂ ಇಲ್ಲ, ಸುಮ್ನೆ ಒಂದು ಪದ. ಇದನ್ನು ಓದು ಅನ್ನಬೇಕಾ?

ಗೊತ್ತಿದ್ದೇ ಮಾಡುವ ಓದುಗರು ಬೇರೆ ಕಡೆ ಇದ್ದಾರೆ. ನನಗೆ ಇಷ್ಟವಾಗುವುದು ಅವರೇ. ಹಳೆಯ ಪುಸ್ತಕಗಳನ್ನು ಸ್ವಯಂಸೇವಕರೇ ಸೇರಿ ಆನ್‌ಲೈನ್‌ಗೆ ತರುವ ನಮ್ಮ ಕನ್ನಡ ವಿಕಿಸೋರ್ಸ್‌ನ್ನೇ ನೋಡಿ. ಒಂದು ಕಡೆ ಹಳೆಯ ಪುಸ್ತಕದ ಪುಟದ ಚಿತ್ರ, ಪಕ್ಕದಲ್ಲಿ ಕಂಪ್ಯೂಟರ್ ಓದಿದ ಪಠ್ಯ. ಎರಡನ್ನೂ ಹೋಲಿಸುತ್ತ ತಿದ್ದುವುದು. ಯಾವ ಪುಟ ಎಲ್ಲಿಯವರೆಗೆ ಬಂದಿದೆ ಅನ್ನುವುದಕ್ಕೆ ಬಣ್ಣದ ಗುರುತು: ತಿದ್ದುವ ಮೊದಲು ಕೆಂಪು. ಒಬ್ಬರು ತಿದ್ದಿದ ಮೇಲೆ ಪುಟ ಹಳದಿ ಆಗುತ್ತದೆ, ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರೂ ಮಾಡುವಂತಿಲ್ಲ. ಒಳ್ಳೆಯ ನಿಯಮ, ತನ್ನ ತಪ್ಪು ತನಗೆ ಕಾಣುವುದಿಲ್ಲ ಅಲ್ವಾ.

ಕನ್ನಡದಲ್ಲಿ ಈ ಕೆಲಸಕ್ಕೆ ತಾಳ್ಮೆ ಸ್ವಲ್ಪ ಜಾಸ್ತಿಯೇ ಬೇಕು. ಒತ್ತಕ್ಷರ ಸಾಲಿನ ಕೆಳಗೆ ಇಳಿದಿರುತ್ತದೆ, ಹಳೆಯ ಮುದ್ರಣದಲ್ಲಿ ಶಾಯಿ ಹರಡಿ ದೀರ್ಘ ಅಳಿಸಿರುತ್ತದೆ. ಎಲ್ಲಕ್ಕಿಂತ ಕಿರಿಕಿರಿ ಅನುಸ್ವಾರದ್ದು. ‘ಗಂಗೆ’ಯ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತು ‘ಗ೦ಗೆ’ ಆಗಿಬಿಡಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ, ಆರಾಮಾಗಿ ಓದಿಕೊಂಡು ಹೋಗುತ್ತೇವೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಅಕ್ಷರ, ಹಾಗಾಗಿ ಮುಂದೆ ಯಾರಾದರೂ ‘ಗಂಗೆ’ ಅಂತ ಹುಡುಕಿದರೆ ಆ ಸಾಲು ಸಿಗದೇ ಹೋಗಬಹುದು. ಇಲ್ಲಿ ಕಣ್ಣನ್ನು ನಂಬಿ ಪ್ರಯೋಜನವಿಲ್ಲ. ಸರ್ಚ್‌ನಲ್ಲಿ ಸೊನ್ನೆಯನ್ನೇ ಹಾಕಿ ಇಡೀ ಪುಟ ಜಾಲಾಡಬೇಕು.