ಅಜಾಸೈಟಿಡಿನ್ ಹಾಕಿದರೂ ಬಲಿತ ಎಲೆಯ ಮಿಥೈಲ್ ಯಾಕೆ ಹೋಗುವುದಿಲ್ಲ?

ಸಸ್ಯಗಳ ಡಿಎನ್‌ಎ ಮಿಥೈಲೇಷನ್ (ಡಿಎನ್‌ಎಯ ಸೈಟೊಸಿನ್ ಅಕ್ಷರಕ್ಕೆ ಮಿಥೈಲ್ ಎಂಬ ಸಣ್ಣ ಗುಂಪು ಸೇರುವುದು) ಓದುವಾಗ ನಾನು ಎರಡು ವಾರ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಸಿಜಿ, ಸಿಎಚ್‌ಜಿ, ಸಿಎಚ್‌ಎಚ್ ಎಂಬ ಮೂರು ನೆಲೆಗಳು (ಮಿಥೈಲ್ ಕೂರುವ ಅಕ್ಷರಜೋಡಣೆಗಳು; ಎಚ್ ಎಂದರೆ ಜಿ ಬಿಟ್ಟು ಯಾವುದಾದರೂ ಅಕ್ಷರ), ಅಲ್ಲಿ ಮಿಥೈಲ್ ಅಂಟಿಸುವ ಮೆಟ್1, ಸಿಎಂಟಿ3, ಡಿಆರ್‌ಎಂ2 ಕಿಣ್ವಗಳು ನಿಮಗೆ ಗೊತ್ತಿವೆ ಎಂದುಕೊಂಡೇ ಬರೆಯುತ್ತೇನೆ. ನನ್ನ ತೊಡಕು ಬೇರೆ. 5-ಅಜಾಸೈಟಿಡಿನ್ ಎಂಬ ಔಷಧ ಮಿಥೈಲನ್ನು ‘ತೆಗೆಯುತ್ತದೆ’ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗಿದ್ದರೆ ಬಲಿತ ಎಲೆಗೆ ಹಾಕಿದರೂ ಮಿಥೈಲ್ ಹೋಗಬೇಕಲ್ಲ? ಹೋಗುವುದಿಲ್ಲ.

ಮಿಥೈಲ್ ಅಂಟಿಸುವ ಕಿಣ್ವ ಕೆಲಸ ಮಾಡುವ ರೀತಿ ನೋಡಿ. ಅದರಲ್ಲಿರುವ ಸಿಸ್ಟೀನ್ ಎಂಬ ಅಮೈನೊ ಆಮ್ಲದ ಗಂಧಕ ಮೊದಲು ಸೈಟೊಸಿನ್‌ನ 6ನೇ ಇಂಗಾಲಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ 5ನೇ ಇಂಗಾಲಕ್ಕೆ ಮಿಥೈಲ್ ಸೇರುತ್ತದೆ. ಕೊನೆಗೆ ಅದೇ 5ನೇ ಇಂಗಾಲದಿಂದ ಒಂದು ಜಲಜನಕ ಬಿಟ್ಟುಹೋದರೆ ಮಾತ್ರ ಕಿಣ್ವಕ್ಕೆ ಬಿಡುಗಡೆ. ಸೈಟೊಸಿನ್‌ನ ಬದಲು ಡಿಎನ್‌ಎಯಲ್ಲಿ ಕೂರುವ ಅಜಾಸೈಟಿಡಿನ್‌ನಲ್ಲಿ 5ನೇ ಜಾಗದಲ್ಲಿರುವುದು ಸಾರಜನಕ. ಬಿಟ್ಟುಹೋಗಲು ಅಲ್ಲಿ ಜಲಜನಕವೇ ಇಲ್ಲ. ಕಿಣ್ವ ಡಿಎನ್‌ಎಗೆ ಅಂಟಿ ಅಲ್ಲೇ ಉಳಿಯುತ್ತದೆ. ಹೀಗೆ ಒಂದೊಂದೇ ಸಿಕ್ಕಿಬಿದ್ದು, ಕೋಶದಲ್ಲಿ ಕೆಲಸಕ್ಕೆ ಸಿಗುವ ಕಿಣ್ವ ಕಡಿಮೆಯಾಗುತ್ತದೆ. ಈಗಾಗಲೇ ಇರುವ ಮಿಥೈಲನ್ನು ಯಾರೂ ಮುಟ್ಟಿಲ್ಲ.

ಇನ್ನೊಂದು ಮಾತು: ಈ ಅಣು ಡಿಎನ್‌ಎ ಒಳಗೆ ಸೇರಬೇಕಾದರೆ ಡಿಎನ್‌ಎ ನಕಲಾಗುತ್ತಿರಬೇಕು. ನಕಲು ನಿಂತುಹೋದ ಎಲೆಯಲ್ಲಿ ಅದು ಒಳಗೇ ಸೇರುವುದಿಲ್ಲ. ಅದಕ್ಕೇ ಪ್ರಯೋಗಗಳಲ್ಲಿ ಅರಾಬಿಡಾಪ್ಸಿಸ್ ಎಂಬ ಪ್ರಯೋಗಶಾಲೆಯ ಪುಟ್ಟ ಗಿಡದ ಬೀಜವನ್ನು ಔಷಧ ಬೆರೆಸಿದ ಅಗಾರ್ ಜೆಲ್ಲಿಯ ಮೇಲೆಯೇ ಮೊಳೆಸುತ್ತಾರೆ.

ಇಲ್ಲಿ ನನಗೆ ನೆರವಾದದ್ದು ನೋಟ್ಸ್ ನಕಲು ಮಾಡುವ ಲೆಕ್ಕ. ಗೆಳತಿಯ ನೋಟ್ಸಿನಲ್ಲಿ ಕೆಂಪು ಗೆರೆಗಳಿವೆ, ನಿಮ್ಮ ಕೆಂಪು ಪೆನ್ ಕೆಟ್ಟಿದೆ. ಅಕ್ಷರ ಪೂರ್ತಿ ಇಳಿಯುತ್ತದೆ, ಗೆರೆ ಇಳಿಯುವುದಿಲ್ಲ. ಅವಳ ಪುಸ್ತಕದ ಗೆರೆ ಹಾಗೇ ಇರುತ್ತದೆ. ಗೆರೆಯೇ ಮಿಥೈಲ್, ಪೆನ್ನೇ ಕಿಣ್ವ. ಕಿಣ್ವ ಪೂರ್ತಿ ನಿಂತಿದೆ ಎಂದುಕೊಳ್ಳಿ: ಮೊದಲ ನಕಲಿನ ನಂತರ ಮಿಥೈಲ್ ಇರುವ ಎಳೆಗಳು 50%, ಎರಡನೆಯದರ ನಂತರ 25%, ಮೂರನೆಯದರ ನಂತರ 12.5%. ನಾನು ಎಡವಿದ್ದು ಮೊದಲ ಮೆಟ್ಟಿಲಲ್ಲೇ. 50% ಎಂದರೆ ಅರ್ಧ ಕೋಶಗಳು ಬರಿದಾದವು ಎಂದು ತಿಳಿದಿದ್ದೆ. ತಪ್ಪು. ಆ ಹಂತದಲ್ಲಿ ಪ್ರತಿಯೊಂದು ಜೋಡಿ ಎಳೆಯಲ್ಲೂ ಒಂದು ಹಳೆಯದು, ಒಂದು ಹೊಸದು. ಪೂರ್ತಿ ಬರಿದಾದ ಜೋಡಿ ಒಂದೂ ಇಲ್ಲ. ಎರಡನೇ ನಕಲಿನ ನಂತರವಷ್ಟೇ ನಾಲ್ಕು ಜೋಡಿಗಳಲ್ಲಿ ಎರಡು ಬರಿದಾಗುತ್ತವೆ. ಕಾಗದದ ಮೇಲೆ ಎರಡು ಬಣ್ಣದಲ್ಲಿ ಎಳೆ ಬರೆದು ನೋಡಿ, ಐದು ನಿಮಿಷದ ಕೆಲಸ. ನಿಜವಾದ ಗಿಡದಲ್ಲಿ ಇಳಿಕೆ ಇದಕ್ಕಿಂತ ಕಡಿಮೆ, ಏಕೆಂದರೆ ಎಲ್ಲ ಕಿಣ್ವವೂ ಸಿಕ್ಕಿಬೀಳುವುದಿಲ್ಲ.

ಉಳಿದವುಗಳನ್ನು ಬೇಗ ಮುಗಿಸುತ್ತೇನೆ. ಅಜಾಸೈಟಿಡಿನ್ ನೀರಿನಲ್ಲಿ ಬೇಗ ಒಡೆಯುತ್ತದೆ, ಹೊಸದಾಗಿ ಕಲಸಿ ಬಳಸಬೇಕು. ಜೆಬುಲರಿನ್ ಎಂಬ ಔಷಧ ಕೂಡ ಇದೇ ಜಾತಿಯದು, ಆದರೆ ಹೆಚ್ಚು ಬಾಳಿಕೆ ಬರುತ್ತದೆ. ಔಷಧ ತೆಗೆದರೆ ಪರಿಣಾಮ ಬಹುಮಟ್ಟಿಗೆ ಹಿಂತಿರುಗುತ್ತದೆ. ಡಿಎಚ್‌ಪಿಎ ಎಂಬ ಇನ್ನೊಂದು ಔಷಧದ ದಾರಿ ಬೇರೆ: ಅದು ಡಿಎನ್‌ಎಗೆ ಸೇರದೆ, ಮಿಥೈಲ್ ಕೊಟ್ಟ ಮೇಲೆ ಉಳಿಯುವ ಎಸ್‌ಎಎಚ್ ಎಂಬ ಅಣು ಒಡೆಯದಂತೆ ಮಾಡುತ್ತದೆ. ಅದು ಕೂಡಿಬಿದ್ದರೆ ಮಿಥೈಲ್ ಸೇರಿಸುವ ಕಿಣ್ವಗಳಿಗೇ ತಡೆ. ಹಾಗಾಗಿ ಹಿಸ್ಟೋನ್ (ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್) ಮಿಥೈಲೇಷನ್‌ಗೂ ಏಟು ಬೀಳಬಹುದು.

ತಟ್ಟೆಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಮೋಟು ಬೇರು. ಅದನ್ನು ನೋಡಿ ‘ಮಿಥೈಲೇಷನ್ ಇಳಿಯಿತು’ ಎಂದು ಬರೆದರೆ ನನ್ನ ಪ್ರಕಾರ ಅದು ದೊಡ್ಡ ತಪ್ಪು. ಡಿಎನ್‌ಎಗೆ ಅಂಟಿಕೊಂಡ ಪ್ರೋಟೀನ್ ಸ್ವತಃ ಒಂದು ಹಾನಿ. ಬೇರಿನ ತುದಿಯ ಕೋಶಗಳು ವಿಭಜನೆ ನಿಲ್ಲಿಸಲು ಅಷ್ಟೇ ಸಾಕು. ಬೈಸಲ್ಫೈಟ್ ಸೀಕ್ವೆನ್ಸಿಂಗ್ (ಯಾವ ಸೈಟೊಸಿನ್ ಮೇಲೆ ಮಿಥೈಲ್ ಇದೆ ಎಂದು ಓದುವ ವಿಧಾನ) ಮಾಡಬೇಕು, ಹೋಲಿಸಲು ಪಕ್ಕದಲ್ಲಿ ಮೆಟ್1 ಜೀನ್ ಕೆಟ್ಟ ಮ್ಯೂಟಂಟ್ ಗಿಡವನ್ನೂ ಇಡಬೇಕು.

ಈ ಎಚ್ಚರಿಕೆಗೆ ನನಗೆ ತುಂಬ ಇಷ್ಟವಾದ ಉದಾಹರಣೆ ಹೂ ಬಿಡುವುದರದ್ದು. ಚಳಿ ತಾಗಿದ ಮೇಲೆ ಹೂ ಬಿಡುವ ಅರಾಬಿಡಾಪ್ಸಿಸ್‌ಗೆ ಆಸ್ಟ್ರೇಲಿಯಾದ ಸಂಶೋಧಕರು ಅಜಾಸೈಟಿಡಿನ್ ಕೊಟ್ಟಾಗ, ಚಳಿಯಿಲ್ಲದೆಯೇ ಹೂ ಬೇಗ ಬಂತು. 1993ರಲ್ಲಿ ಈ ಫಲಿತಾಂಶ ಪ್ರಕಟವಾಯಿತು, ಚಳಿ ಕೆಲಸ ಮಾಡುವುದು ಡಿಎನ್‌ಎ ಮಿಥೈಲ್ ಇಳಿಸಿ ಎಂಬ ಊಹೆಯೂ ಬಂತು. ಆಮೇಲೆ ಹೂವನ್ನು ತಡೆಹಿಡಿಯುವ ಎಫ್‌ಎಲ್‌ಸಿ ಜೀನ್ ಸಿಕ್ಕಿತು. ಚಳಿಯಲ್ಲಿ ಅದನ್ನು ಮುಚ್ಚುವುದು ಡಿಎನ್‌ಎ ಮಿಥೈಲ್ ಇಳಿಕೆಯಲ್ಲ, ಹಿಸ್ಟೋನ್ ಎಚ್3ರ 27ನೇ ಲೈಸಿನ್ ಮೇಲೆ ಕೂರುವ ಮೂರು ಮಿಥೈಲ್‌ಗಳು.